ಚೀನಾರ್ ಕೆಂಪು, ಬಾದಾಮಿ ಕೆಂಪು

ಪ್ರಶ್ನೆ: ನಮ್ಮಂಗಳದ ಬಾದಾಮಿ ಮರದ ಎಲೆ ಜನವರಿಯಲ್ಲಿ ಕೆಂಪಾಗುತ್ತದೆ. ಪಕ್ಕದ ಸಾಗುವಾನಿ ಬರೀ ಹಳದಿ, ಕಂದು. ಆಗುಂಬೆ ಕಾಡು ಹಸಿರಾಗೇ ಇರುತ್ತದೆ. ಯಾಕೆ ಹೀಗೆ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ನಿಮ್ಮ ಬಾದಾಮಿ ಮರವನ್ನು ಇನ್ನಷ್ಟು ಹತ್ತಿರದಿಂದ ನೋಡಿ. ಬಿಸಿಲಿಗೆ ಮುಖ ಮಾಡಿದ ಎಲೆಗಳಲ್ಲಿ ಕೆಂಪು ಜಾಸ್ತಿ, ನೆರಳಿನವು ಹಳದಿಗೆ ನಿಲ್ಲುತ್ತವೆ. ಹಳದಿ ಬಣ್ಣ ಎಲೆಯಲ್ಲಿ ಮೊದಲೇ ಇರುತ್ತದೆ, ಹಸಿರು ಕರಗಿದಾಗ ಕಾಣುತ್ತದೆ ಅಷ್ಟೇ. ಕೆಂಪು ಹಾಗಲ್ಲ. ಉದುರುವ ಮೊದಲು ಎಲೆ ಅದನ್ನು ಹೊಸದಾಗಿ ತಯಾರಿಸುತ್ತದೆ. ಅದಕ್ಕೆ ಸಕ್ಕರೆ ಬೇಕು, ಬೆಳಕೂ ಬೇಕು. ಸಾಗುವಾನಿಯ ಮುದಿ ಎಲೆ ಈ ಕೆಲಸಕ್ಕೆ ಹೆಚ್ಚು ಕೈಹಾಕುವುದಿಲ್ಲ. ಅದರ ಎಳೆ ಎಲೆಯನ್ನು ಉಜ್ಜಿ ನೋಡಿ, ಬೆರಳು ಕೆಂಪಾಗುತ್ತದೆ!

ಕಾಶ್ಮೀರದ ಚೀನಾರ್ ಮರ ಅಕ್ಟೋಬರ್, ನವೆಂಬರ್‌ನಲ್ಲಿ ಕೆಂಪಾಗುವುದು ಚಳಿ ಮತ್ತು ಕಿರಿದಾಗುವ ಹಗಲಿನಿಂದ. ನಮ್ಮಲ್ಲಿ ಎಲೆ ಉದುರಿಸುವುದು ಮುಖ್ಯವಾಗಿ ಒಣಹವೆ. ಭದ್ರಾವತಿ, ಲಕ್ಕವಳ್ಳಿ ಕಡೆಯ ಕಾಡು ಬೇಸಿಗೆಯಲ್ಲಿ ಬೋಳಾಗುವುದು ಅದಕ್ಕೇ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ.ಗೂ ಹೆಚ್ಚು ಮಳೆ. ಅಲ್ಲಿನ ಮರಗಳು ಎಲ್ಲ ಎಲೆಯನ್ನೂ ಒಟ್ಟಿಗೆ ಬಿಡಬೇಕಿಲ್ಲ.

ಹಾಗಂತ ಘಟ್ಟದಲ್ಲಿ ಕೆಂಪೇ ಇಲ್ಲ ಅಂದುಕೊಳ್ಳಬೇಡಿ. ನಾಗಸಂಪಿಗೆಯ ಚಿಗುರು ನೋಡಿದ್ದೀರಾ? ಇಡೀ ಕೊಂಬೆ ಕಡುಗೆಂಪಾಗಿ ಜೋಲುತ್ತದೆ. ಮಾವಿನ ಚಿಗುರೂ ತಾಮ್ರದ ಬಣ್ಣ. ನನಗಂತೂ ಮಲೆನಾಡಿನ ನಿಜವಾದ ಬಣ್ಣದ ಕಾಲ ಈ ಚಿಗುರಿನದೇ. ಈ ಸಲ ಒಂದೇ ಮರದ ಬಿಸಿಲಿನ ಕೊಂಬೆ, ನೆರಳಿನ ಕೊಂಬೆ ಎರಡನ್ನೂ ವಾರಕ್ಕೊಮ್ಮೆ ನೋಡಿ, ತಾರೀಕು ಹಾಕಿ ಬರೆದಿಟ್ಟು ನಮಗೂ ಕಳಿಸಿ.