ರೂಪ ನೋಡಿ ಕೆಲಸ ನಿರಾಕರಿಸುವುದು ಕಾನೂನುಬಾಹಿರವೇ?

ಕಾರವಾರದ ಖಾಸಗಿ ರೆಸಾರ್ಟೊಂದು ಸ್ವಾಗತಕಾರರ ಹುದ್ದೆಗೆ ‘ಬೆಳ್ಳಗಿರುವ, ಲಕ್ಷಣವಾದ’ ಅಭ್ಯರ್ಥಿಗಳನ್ನಷ್ಟೇ ಕರೆಯಬಹುದೇ ಎಂದು ಕೇಳಿದ್ದೀರಿ. ಖಾಸಗಿ ನೇಮಕಾತಿಯಲ್ಲಿ ರೂಪದ ತಾರತಮ್ಯವನ್ನು ನಿಷೇಧಿಸುವ ಪ್ರತ್ಯೇಕ ಕಾನೂನು ನಮ್ಮಲ್ಲಿಲ್ಲ. ಸಂವಿಧಾನದ 16ನೇ ವಿಧಿಯು ಸರ್ಕಾರಿ ಹುದ್ದೆಗಳಿಗೆ ಸೀಮಿತವಾಗಿದ್ದು, ಅದು ಹೆಸರಿಸುವ ಜಾತಿ, ಲಿಂಗ, ಜನಾಂಗ ಮುಂತಾದವುಗಳಲ್ಲಿ ರೂಪದ ಉಲ್ಲೇಖವಿಲ್ಲ. ಪೊಲೀಸ್ ಹುದ್ದೆಗೆ ಎತ್ತರ ಅಳೆಯುವುದಕ್ಕೆ ಕೆಲಸದ ನಂಟಿದೆ. ಕೋಣೆಯ ಕೀಲಿ ಕೊಡುವವರ ಮೈಬಣ್ಣಕ್ಕೆ ಯಾವ ನಂಟೋ ನಾನರಿಯೆ.

ಆದರೆ ರೂಪವೆಂಬುದು ಎಷ್ಟೋ ಸಲ ಬೇರೊಂದರ ಮುಸುಕು. ಯಲ್ಲಾಪುರ, ಹಳಿಯಾಳ, ಮುಂಡಗೋಡು ಭಾಗದ, ಆಫ್ರಿಕಾ ಮೂಲದ ಸಿದ್ದಿಯರನ್ನು ಕೂದಲು, ಬಣ್ಣ ನೋಡಿ ಹಿಂದಕ್ಕೆ ಕಳಿಸಿದರೆ ಅದು ಸೌಂದರ್ಯದ ಆಯ್ಕೆಯಲ್ಲ, ಜನಾಂಗಭೇದವೇ ಸರಿ. 2003ರಲ್ಲಿ ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿದ ಅವರನ್ನು ಸಂದರ್ಶನಕ್ಕೆ ಬಂದ ಇತರರೆದುರು ಪರಿಶಿಷ್ಟರಲ್ಲದವರು ಉದ್ದೇಶಪೂರ್ವಕವಾಗಿ ಅವಮಾನಿಸಿದರೆ, 1989ರ ದೌರ್ಜನ್ಯ ತಡೆ ಕಾಯ್ದೆಯಡಿ ದೂರು ನೀಡಲು ಅವಕಾಶವಿದೆ.

ಆಸಿಡ್ ದಾಳಿಗೆ ತುತ್ತಾದವರೂ ಕುಬ್ಜ ದೇಹದವರೂ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ವ್ಯಾಪ್ತಿಗೆ ಬರುತ್ತಾರೆ. ಖಾಸಗಿ ಸಂಸ್ಥೆಯೂ ಸಮಾನ ಅವಕಾಶ ನೀತಿಯನ್ನು ಪ್ರಕಟಿಸಬೇಕೆಂದು ಅದರ 21ನೇ ಕಲಂ ವಿಧಿಸುತ್ತದೆ. ನೀವು ಈ ಯಾವುದಾದರೂ ವರ್ಗಕ್ಕೆ ಸೇರಿದ್ದರೆ ಜಾಹೀರಾತಿನ ಪ್ರತಿಯನ್ನು ಜೋಪಾನವಾಗಿಟ್ಟುಕೊಂಡು ವಕೀಲರನ್ನು ಕಾಣಿರಿ.