41ನೇ ಹೆಸರು ಬಂದಾಗ ಟಿವಿಯಲ್ಲಿ ಜಾಹೀರಾತು ಓಡುತ್ತಿತ್ತು

ನೀವು ಕೇಳಿದ್ದು ಇಷ್ಟು: ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಗೆ ಹೊಸ ಆಟಗಾರರನ್ನು ಆರಿಸುವ ಡ್ರಾಫ್ಟ್‌ನ ಎರಡನೇ ಸುತ್ತಿನಲ್ಲಿ, ಒಳ್ಳೆಯ ಹುಡುಗರೆಲ್ಲ ಖಾಲಿಯಾದ ಮೇಲೂ ಕೆಲವು ತಂಡಗಳಿಗೆ ಭಾರಿ ಆಟಗಾರರು ಸಿಗುತ್ತಾರಲ್ಲ, ಅದು ಸ್ಕೌಟ್‌ಗಳ (ತಂಡಕ್ಕಾಗಿ ಆಟಗಾರರನ್ನು ಹುಡುಕುವವರ) ಕಣ್ಣೋ ಬರೀ ಅದೃಷ್ಟವೋ?

ನನ್ನ ಪ್ರಕಾರ, ಆರಿಸಿಕೊಂಡವರಿಗೂ ತಮ್ಮ ಕೈಗೆ ಏನು ಸಿಕ್ಕಿದೆ ಅಂತ ಆ ದಿನ ಗೊತ್ತಿರುವುದಿಲ್ಲ. ಗೊತ್ತಿದ್ದರೆ ಅಷ್ಟು ಕೆಳಗಿನವರೆಗೆ ಯಾಕೆ ಕಾಯುತ್ತಿದ್ದರು? ಅರ್ಧ ಪತ್ತೆ ಡ್ರಾಫ್ಟ್ ಆದ ಮೇಲೆ ಆಗುವುದು. ಆ ಅರ್ಧದ ಬಗ್ಗೆಯೇ ಇಲ್ಲಿ ಜಾಸ್ತಿ ಬರೆಯುತ್ತೇನೆ.

ಡ್ರಾಫ್ಟ್ ನೋಡದವರಿಗೆ ಎರಡು ಮಾತು. ಇದು ನಮ್ಮ ಐಪಿಎಲ್ ಹರಾಜಿನ ಥರ ಅಲ್ಲ, ಯಾರೂ ಬೆಲೆ ಕೂಗುವುದಿಲ್ಲ. 30 ತಂಡಗಳು ಸರದಿಯ ಮೇಲೆ ಒಬ್ಬೊಬ್ಬ ಹೊಸ ಹುಡುಗನ ಹೆಸರು ಹೇಳುತ್ತಾ ಹೋಗುತ್ತವೆ. ಹಿಂದಿನ ಸೀಸನ್‌ನಲ್ಲಿ ಸೋತು ಸುಣ್ಣವಾದವರಿಗೆ ಮುಂದಿನ ಸಾಲು, ಗೆದ್ದವರಿಗೆ ಹಿಂದಿನ ಸಾಲು. ತೀರಾ ಮೇಲಿನ ಜಾಗಗಳಿಗೆ ಲಾಟರಿ ಎತ್ತುತ್ತಾರೆ. ಎರಡು ಸುತ್ತು, ಸುಮಾರು 60 ಹೆಸರು. ತಮ್ಮ ಸರದಿಯನ್ನೇ ಮಾರಿಕೊಳ್ಳಲೂಬಹುದು.

ಇದರಲ್ಲಿ ಮುಖ್ಯವಾದದ್ದು ದುಡ್ಡು. ಮೊದಲ ಸುತ್ತಿನ ಹುಡುಗನ ಸಂಬಳ ಅವನ ನಂಬರಿನ ಮೇಲೆ ಮೊದಲೇ ನಿಗದಿಯಾಗಿರುತ್ತದೆ. ಮೊದಲ ಎರಡು ವರ್ಷದ ಸಂಬಳ ಖಾತ್ರಿ. ಅವನು ಆಡಲಿ ಬಿಡಲಿ, ತಂಡ ಕೊಡಲೇಬೇಕು. ಎರಡನೇ ಸುತ್ತಿನವನಿಗೆ ಅಂಥ ಖಾತ್ರಿ ಕೊಡಲೇಬೇಕೆಂಬ ನಿಯಮ ಇಲ್ಲ. ಕ್ಯಾಂಪಿಗೆ ಕರೆದು, ಆಡಿಸಿ ನೋಡಿ, ಬೇಡ ಅನಿಸಿದರೆ ಕಳಿಸಬಹುದು. ಹಾಗಾಗಿ ಮೊದಲ ಸುತ್ತಿನಲ್ಲಿ ತಂಡಗಳಿಗೆ ತಪ್ಪಾದರೆ ಗತಿ ಏನು ಅನ್ನುವ ಹೆದರಿಕೆ. ಎರಡನೇ ಸುತ್ತಿನಲ್ಲಿ ಹೋದರೆ ಹೋಯಿತು ಅನ್ನುವ ಧೈರ್ಯ. ಯಾವ ಅಚ್ಚಿಗೂ ಹೊಂದದ ಆಟಗಾರರು ಅಲ್ಲಿಗೆ ಜಾರುವುದೂ, ಅಲ್ಲೇ ಯಾರೋ ಅವರನ್ನು ಎತ್ತಿಕೊಳ್ಳುವುದೂ ಇದೇ ಕಾರಣಕ್ಕೆ.

ಈಗ ಯೋಕಿಚ್ ಕಥೆ. ಎಲ್ಲರೂ ಇದನ್ನೇ ಹೇಳುತ್ತಾರೆ, ಆದರೆ ಅರ್ಧ ಹೇಳಿ ಬಿಡುತ್ತಾರೆ.

2014ರ ಡ್ರಾಫ್ಟ್‌ನಲ್ಲಿ ಡೆನ್ವರ್ ನಗೆಟ್ಸ್ ತಂಡ 41ನೇ ಜಾಗದಲ್ಲಿ ಸರ್ಬಿಯಾದ ಸೊಂಬೋರ್ ಊರಿನ ನಿಕೊಲಾ ಯೋಕಿಚ್ ಹೆಸರು ಹೇಳಿತು. ಆ ಹೊತ್ತಿಗೆ ಅಮೆರಿಕದ ಟಿವಿಯಲ್ಲಿ ಟ್ಯಾಕೋ ಬೆಲ್ ಜಾಹೀರಾತು ಬರುತ್ತಿತ್ತು. ಅವನ ಹೆಸರು ಪರದೆಯ ಕೆಳಗೆ ಸಣ್ಣ ಅಕ್ಷರದಲ್ಲಿ ಹರಿದು ಹೋಯಿತು. ಅವನು ಸರ್ಬಿಯಾದಲ್ಲಿ ನಿದ್ದೆ ಮಾಡುತ್ತಿದ್ದ. ಮೈ ದಪ್ಪ, ಓಟ ನಿಧಾನ, ನೆಗೆತ ಅಂತೂ ಕೇಳಲೇಬೇಡಿ. ದಿನಕ್ಕೆ ಲೀಟರ್‌ಗಟ್ಟಲೆ ಕೋಲಾ ಕುಡಿಯುತ್ತಿದ್ದೆ ಎಂದು ಆಮೇಲೆ ಅವನೇ ಹೇಳಿಕೊಂಡಿದ್ದಾನೆ. ಅದೇ ಹುಡುಗ 2021, 2022, 2024ರಲ್ಲಿ ಇಡೀ ಲೀಗಿನ ಎಂವಿಪಿ (ಆ ಸೀಸನ್‌ನ ಅತ್ಯುತ್ತಮ ಆಟಗಾರ) ಆದ. 2023ರಲ್ಲಿ ಡೆನ್ವರ್‌ಗೆ ಮೊದಲ ಚಾಂಪಿಯನ್‌ಷಿಪ್ ತಂದುಕೊಟ್ಟ. ಡ್ರಾಫ್ಟ್‌ನಲ್ಲಿ ಅಷ್ಟು ಕೆಳಗಿನಿಂದ ಬಂದು ಎಂವಿಪಿ ಆದವರು ಬೇರೆ ಯಾರೂ ಇಲ್ಲ.

ಇಲ್ಲಿಗೆ ಕಥೆ ನಿಲ್ಲಿಸಿದರೆ ಡೆನ್ವರ್‌ನವರು ಮಹಾ ಜಾಣರು ಅನಿಸುತ್ತದೆ. ಆದರೆ ಅದೇ ರಾತ್ರಿ ಅವರಿಗೆ ಯೋಕಿಚ್‌ಗಿಂತ ಮೊದಲು ಇನ್ನಿಬ್ಬರು ಬಂದಿದ್ದರು. 16ನೇ ಜಾಗದಿಂದ ಯೂಸುಫ್ ನುರ್ಕಿಚ್, 19ನೇ ಜಾಗದಿಂದ ಗ್ಯಾರಿ ಹ್ಯಾರಿಸ್. ನುರ್ಕಿಚ್ ಕೂಡ ಸೆಂಟರ್ (ರಿಂಗಿನ ಹತ್ತಿರ ಆಡುವ ದೊಡ್ಡಾಳು), ಯೋಕಿಚ್‌ನ ಜಾಗದಲ್ಲೇ ಆಡುವವನು. ಅಂದರೆ ಅವರ ಲೆಕ್ಕದಲ್ಲಿ ತಂಡದ ಮುಂದಿನ ಸೆಂಟರ್ ನುರ್ಕಿಚ್. ಯೋಕಿಚ್ ಇನ್ನೊಂದು ವರ್ಷ ಸರ್ಬಿಯಾದಲ್ಲೇ ಆಡಿಕೊಂಡಿರಲಿ, ಆಮೇಲೆ ನೋಡೋಣ ಅಂದುಕೊಂಡಿದ್ದರು. ಆ ವರ್ಷ ಅವನು ಆಡ್ರಿಯಾಟಿಕ್ ಲೀಗಿನ ಎಂವಿಪಿ ಆಗಿ, 2015ರಲ್ಲಿ ಅಮೆರಿಕಕ್ಕೆ ಬಂದ.

ಬಂದ ಮೇಲಾದರೂ ಗೊತ್ತಾಯಿತಾ? ಪೂರ್ತಿ ಇಲ್ಲ. 2016ರ ಸೀಸನ್ ಶುರುವಾದಾಗ ಇಬ್ಬರು ಸೆಂಟರ್‌ಗಳನ್ನೂ ಒಟ್ಟಿಗೆ ಆಡಿಸಿದರು. ಒಬ್ಬರ ಕಾಲಿಗೆ ಇನ್ನೊಬ್ಬರು ಸಿಕ್ಕಿ ಆಟ ಕೆಟ್ಟಿತು. ಯೋಕಿಚ್ ತಾನೇ ಬೆಂಚಿಗೆ ಹೋಗುತ್ತೇನೆ ಅಂದ. ಡಿಸೆಂಬರ್ ಮಧ್ಯದಲ್ಲಿ ಕೊನೆಗೂ ಅವನನ್ನು ಸೆಂಟರ್ ಆಗಿ ಮೊದಲ ಐವರಲ್ಲಿ ಇಳಿಸಿ, ಆಟವೆಲ್ಲ ಅವನ ಕೈಯಿಂದ ಹಾದುಹೋಗುವ ಹಾಗೆ ಮಾಡಿದರು. ಫೆಬ್ರುವರಿಯಲ್ಲಿ ನುರ್ಕಿಚ್ ಪೋರ್ಟ್‌ಲೆಂಡ್‌ಗೆ ಹೋದ. ಅಲ್ಲಿಗೆ ಡ್ರಾಫ್ಟ್ ಆಗಿ ಎರಡೂವರೆ ವರ್ಷ ದಾಟಿತ್ತು. ಮನೆಯೊಳಗೇ ಇದ್ದ ಹುಡುಗ ಏನು ಅಂತ ತಿಳಿಯಲು ಅಷ್ಟು ದಿನ ಬೇಕಾಯಿತು. ಇದನ್ನು ಡೆನ್ವರ್‌ನ ತಪ್ಪು ಅಂತ ನಾನು ಹೇಳುತ್ತಿಲ್ಲ. ಅವನಿಗೆ ಜಾಗ ಮಾಡಿಕೊಡಲು 16ನೇ ಪಿಕ್ (16ನೇ ಜಾಗದ ಆಯ್ಕೆ) ನುರ್ಕಿಚ್‌ನನ್ನೇ ಬಿಟ್ಟುಕೊಟ್ಟರಲ್ಲ, ನನ್ನ ಕಣ್ಣಿಗೆ ಅದೇ ಅವರ ದೊಡ್ಡ ಕೆಲಸ. ತಾವೇ ಮೇಲಿನ ಜಾಗದಿಂದ ತಂದುಕೊಂಡ ಹುಡುಗನನ್ನು ಕೆಳಗಿನವನಿಗಾಗಿ ಬಿಡಲು ಯಾವ ಆಫೀಸಿನಲ್ಲೂ ಮನಸ್ಸು ಸುಲಭವಾಗಿ ಒಪ್ಪುವುದಿಲ್ಲ.

ಡ್ರೇಮಂಡ್ ಗ್ರೀನ್ ಕಥೆಯೂ ಹೀಗೇ. 2012ರಲ್ಲಿ ಗೋಲ್ಡನ್ ಸ್ಟೇಟ್ ವಾರಿಯರ್ಸ್ 7ನೇ ಜಾಗದಲ್ಲಿ ಹ್ಯಾರಿಸನ್ ಬಾರ್ನ್ಸ್, 30ರಲ್ಲಿ ಫೆಸ್ಟಸ್ ಎಜೆಲಿ, ಅವರಿಬ್ಬರೂ ಆದ ಮೇಲೆ 35ರಲ್ಲಿ ಗ್ರೀನ್‌ನನ್ನು ತೆಗೆದುಕೊಂಡಿತು. ಅವನ ಬಗ್ಗೆ ಇದ್ದ ತಕರಾರು ಎರಡು. ಒಂದು, ನಾಲ್ಕು ವರ್ಷ ಕಾಲೇಜಿನಲ್ಲಿ ಆಡಿ ಬಂದವನು, ಇನ್ನು ಬೆಳೆಯುವುದು ಏನಿದೆ? ಇನ್ನೊಂದು, 6 ಅಡಿ 6 ಇಂಚು. ಪವರ್ ಫಾರ್ವರ್ಡ್ (ರಿಂಗಿನ ಹತ್ತಿರ ಆಡುವವನು) ಆಗಲು ಗಿಡ್ಡ, ಸ್ಮಾಲ್ ಫಾರ್ವರ್ಡ್ (ಹೊರಗೆ ಓಡಾಡಿ ಆಡುವವನು) ಆಗಲು ನಿಧಾನ. (6 ಅಡಿ 6 ಇಂಚು ಗಿಡ್ಡ! ನಮ್ಮ ಬಿಎಂಟಿಸಿ ಬಸ್ಸಿನಲ್ಲಿ ಅವನು ನೆಟ್ಟಗೆ ನಿಲ್ಲಲೂ ಆಗುವುದಿಲ್ಲ.) ಎರಡು ವರ್ಷ ಹೆಚ್ಚಾಗಿ ಬೆಂಚಿನಿಂದಲೇ ಬಂದ. 2014ರಲ್ಲಿ, ಅದೇ ಜಾಗದಲ್ಲಿ ಮೊದಲ ಐವರಲ್ಲಿ ಆಡುತ್ತಿದ್ದ ಡೇವಿಡ್ ಲೀ ತೊಡೆಯ ಹಿಂಭಾಗದ ಸ್ನಾಯು ಎಳೆದುಕೊಂಡು ಹೊರಗೆ ಕೂತ. ಹೊಸ ಕೋಚ್ ಸ್ಟೀವ್ ಕೆರ್ ಗ್ರೀನ್‌ನನ್ನು ಇಳಿಸಿದರು. ಲೀ ವಾಪಸ್ ಬಂದಾಗ ಅವನ ಜಾಗ ಹೋಗಿತ್ತು. ಲೀ ಕಾಲು ನೋಯದಿದ್ದರೆ ಏನಾಗುತ್ತಿತ್ತು ಅಂತ ನಾನು ಆಗಾಗ ಯೋಚಿಸುತ್ತೇನೆ.

ನನ್ನದೇ ಒಂದು ತಪ್ಪು ಹೇಳುತ್ತೇನೆ, ಇದಕ್ಕೂ ಅದಕ್ಕೂ ಸಂಬಂಧ ಇದೆ. ಬೆಂಗಳೂರಿನ ಒಂದು ಸಣ್ಣ ಕ್ಲಬ್‌ನಲ್ಲಿ ಭಾನುವಾರ ಮಕ್ಕಳಿಗೆ ಬ್ಯಾಸ್ಕೆಟ್‌ಬಾಲ್ ಹೇಳಿಕೊಡುತ್ತಿದ್ದೆ. 16 ವರ್ಷದೊಳಗಿನ ತಂಡಕ್ಕೆ ಒಮ್ಮೆ ಆಯ್ಕೆ ಇಟ್ಟುಕೊಂಡೆವು. ಬಂದ ಹುಡುಗರು 40ರ ಮೇಲೆ, ಜಾಗ 12. ಓಡಿಸಿದೆವು, ನೆಗೆಸಿದೆವು, ಲೇಅಪ್ ಹಾಕಿಸಿದೆವು, ಹಾಳೆಯಲ್ಲಿ ಅಂಕ ಬರೆದುಕೊಂಡೆವು. ಒಬ್ಬ ಹುಡುಗ ಎಲ್ಲದರಲ್ಲೂ ಕೊನೆಯ ಹತ್ತರಲ್ಲಿದ್ದ. ಅವನ ಹೆಸರು ಹೊಡೆದು ಹಾಕಿದೆ. ಸಂಜೆ ಹುಡುಗರು ಸುಮ್ನೆ ಮೂರು-ಮೂರು ಜನ ಆಡುತ್ತಿದ್ದರು. ಅವನಿದ್ದ ಕಡೆಯೇ ಗೆಲ್ಲುತ್ತಿತ್ತು. ಜೊತೆಗಾರರನ್ನು ಬದಲಾಯಿಸಿದರೂ ಅಷ್ಟೇ. ನಾನು ಅದನ್ನು ಕಣ್ಣಾರೆ ನೋಡಿದೆ. ಆದರೂ ಗೋಲು ಹಾಕುತ್ತಿದ್ದ ಉದ್ದನೆ ಹುಡುಗನನ್ನೇ ಹೊಗಳಿ ಮನೆಗೆ ಹೋದೆ. ಅವನಿಗೆ ಚೆಂಡು ಸರಿಯಾದ ಹೊತ್ತಿಗೆ ಕೊಡುತ್ತಿದ್ದವನು ಯಾರು ಅಂತ ತಲೆಗೆ ಹೋಗಲೇ ಇಲ್ಲ. ಮುಂದಿನ ವರ್ಷ ಆ ಹುಡುಗ ಎದುರು ತಂಡದಲ್ಲಿದ್ದ. ಸೋತೆವು. ಅವನು ತಿರುಗಿಯೂ ನೋಡದೆ ಹಿಂದಕ್ಕೆ ಕೊಟ್ಟ ಎರಡು ಪಾಸ್ ನನಗೆ ಇನ್ನೂ ಕನಸಿನಲ್ಲಿ ಬರುತ್ತವೆ.

ನಮ್ಮ ಹಾಳೆಯಲ್ಲಿ ಅದಕ್ಕೆ ಕಾಲಮ್ಮೇ ಇರಲಿಲ್ಲ. ಡ್ರಾಫ್ಟ್‌ಗೆ ಮೊದಲು ಷಿಕಾಗೊದಲ್ಲಿ ನಡೆಯುವ ಕಾಂಬೈನ್ ಎಂಬ ಪರೀಕ್ಷಾ ಶಿಬಿರದಲ್ಲಿ ಎತ್ತರ, ತೋಳಿನ ಉದ್ದ, ನೆಗೆತ, ಓಟ ಎಲ್ಲ ಅಳೆಯುತ್ತಾರೆ. ಯೋಕಿಚ್‌ಗೆ ಇದ್ದದ್ದು, ಎಲ್ಲರಿಗಿಂತ ಅರ್ಧ ಸೆಕೆಂಡ್ ಮೊದಲೇ ಪಾಸ್ ಕಾಣುವ ಕಣ್ಣು. ಗ್ರೀನ್‌ಗೆ ಇದ್ದದ್ದು, ಎದುರಾಳಿ ಎಲ್ಲಿಗೆ ಬರುತ್ತಾನೆ ಅಂತ ಮೊದಲೇ ತಿಳಿದು ಅಲ್ಲಿ ಹೋಗಿ ನಿಲ್ಲುವ ಬುದ್ಧಿ. ಇವನ್ನು ಟೇಪ್ ಹಿಡಿದು ಅಳೆಯಲು ಬರುವುದಿಲ್ಲ. ಕೂತು ಆಟ ನೋಡಬೇಕು. ಅದೂ ಚೆಂಡು ಇಲ್ಲದ ಕಡೆ ನೋಡಬೇಕು.

ಆರಿಸಿಕೊಂಡೂ ಕಳೆದುಕೊಂಡವರ ಪಟ್ಟಿ ನನಗೆ ಇನ್ನೂ ಜಾಸ್ತಿ ಇಷ್ಟ. ಕ್ರಿಸ್ ಮಿಡಲ್‌ಟನ್ 2012ರಲ್ಲಿ 39ನೆಯವನು, ಆರಿಸಿದ್ದು ಡೆಟ್ರಾಯಿಟ್. ಒಂದೇ ವರ್ಷಕ್ಕೆ ಬೇರೊಬ್ಬನಿಗಾಗಿ ನಡೆದ ಟ್ರೇಡ್‌ನಲ್ಲಿ ಅವನನ್ನು ಮಿಲ್ವಾಕೀಗೆ ಸೇರಿಸಿ ಕಳಿಸಿದರು. 2021ರಲ್ಲಿ ಮಿಲ್ವಾಕೀ ಚಾಂಪಿಯನ್ ಆದಾಗ ತಂಡದ ಎರಡನೇ ಕಂಬ ಅವನೇ. ಮಾರ್ಕ್ ಗಸೋಲ್ 2007ರಲ್ಲಿ 48ನೆಯವನು, ಲೇಕರ್ಸ್ ಆರಿಸಿತ್ತು. ಅವನ ಅಣ್ಣ ಪಾವ್ ಗಸೋಲ್‌ನನ್ನು ತರಿಸಿಕೊಳ್ಳಲು ತಮ್ಮನ ಹಕ್ಕನ್ನು ಮೆಂಫಿಸ್‌ಗೆ ಕೊಟ್ಟರು. 2013ರಲ್ಲಿ ಮಾರ್ಕ್ ಲೀಗಿನ ಅತ್ಯುತ್ತಮ ಡಿಫೆಂಡರ್ ಆದ. (ಅಣ್ಣ ಲೇಕರ್ಸ್‌ಗೆ ಎರಡು ಟೈಟಲ್ ತಂದ, ಹಾಗಾಗಿ ಅವರಿಗೆ ನಷ್ಟ ಅಂತ ಹೇಳಲಾಗದು.) ಇನ್ನು ಐಸಾಯಾ ಥಾಮಸ್. 5 ಅಡಿ 9 ಇಂಚು. 2011ರ ಕಟ್ಟಕಡೆಯ ಹೆಸರು, 60ನೆಯದು. ಸ್ಯಾಕ್ರಮೆಂಟೊದಲ್ಲಿ ಮೂರು ವರ್ಷ ಚೆನ್ನಾಗೇ ಆಡಿದ. ಆದರೂ ಬಿಟ್ಟುಕೊಟ್ಟರು. ಬಾಸ್ಟನ್ ಸೇರಿ 2016-17ರಲ್ಲಿ ಪಂದ್ಯಕ್ಕೆ ಸರಾಸರಿ 28.9 ಅಂಕ ಹೊಡೆದ. ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಎನ್‌ಬಿಎಗೂ ಸಲ್ಲುತ್ತದೆ.

ಕಾಯುವುದರಲ್ಲಿ ಸ್ಯಾನ್ ಆಂಟೋನಿಯೊ ಸ್ಪರ್ಸ್‌ಗೆ ಸಾಟಿ ಇರಲಿಲ್ಲ. ಅರ್ಜೆಂಟೀನಾದ ಮಾನು ಜಿನೊಬಿಲಿಯನ್ನು 1999ರಲ್ಲಿ 57ನೆಯವನಾಗಿ ಆರಿಸಿದರು. ಆ ವರ್ಷ ಇದ್ದದ್ದೇ 58 ಹೆಸರು. ಆರಿಸಿ ಮೂರು ವರ್ಷ ಇಟಲಿಯಲ್ಲೇ ಬಿಟ್ಟರು. ಅಷ್ಟರಲ್ಲಿ ಅವನು ಬೊಲೋನಾ ತಂಡದ ಜೊತೆ ಯೂರೋಲೀಗ್ ಗೆದ್ದ. 2002ರಲ್ಲಿ ಬಂದ, ಸ್ಪರ್ಸ್ ಜೊತೆ ನಾಲ್ಕು ಚಾಂಪಿಯನ್‌ಷಿಪ್ ಗೆದ್ದ. ಸಂಬಳ ಕೊಡದೆ, ತಂಡದಲ್ಲಿ ಜಾಗ ಕೊಡದೆ, ಹಕ್ಕು ಮಾತ್ರ ಇಟ್ಟುಕೊಂಡು ಹುಡುಗ ಬೇರೆ ಕಡೆ ಹಣ್ಣಾಗಲು ಬಿಡುವುದು. ನಮ್ಮಲ್ಲಿ ಮಾವಿನಕಾಯಿಯನ್ನು ಹುಲ್ಲಿನಲ್ಲಿ ಮುಚ್ಚಿಡುತ್ತೇವಲ್ಲ, ಹಾಗೆ.

ಕೆಳಗಿನ ಪಿಕ್ ಎಲ್ಲ ಹೀಗೆ ಬಂಗಾರ ಆಗುತ್ತದೆ ಅಂದುಕೊಳ್ಳಬೇಡಿ. ಬಹುಪಾಲು ಹೆಸರು ಯಾರಿಗೂ ನೆನಪಿರುವುದಿಲ್ಲ. ಅದರಲ್ಲಿ ನಮಗೆ ನೆನಪಿರುವ ಒಂದು ಹೆಸರು ಸತ್ನಾಮ್ ಸಿಂಗ್. ಪಂಜಾಬಿನ ಬಲ್ಲೋ ಕೆ ಹಳ್ಳಿಯವನು, ಲೂಧಿಯಾನದ ಅಕಾಡೆಮಿಯಲ್ಲಿ ಕಲಿತು ಫ್ಲಾರಿಡಾಕ್ಕೆ ಹೋದವನು, 7 ಅಡಿ 2 ಇಂಚು. 2015ರ ಜೂನ್ 25ರಂದು ಡಲ್ಲಾಸ್ ತಂಡ ಅವನನ್ನು 52ನೆಯವನಾಗಿ ಆರಿಸಿತು. ಭಾರತದಲ್ಲಿ ಹುಟ್ಟಿದವರಲ್ಲಿ ಡ್ರಾಫ್ಟ್ ಆದ ಮೊದಲಿಗ. ಆ ಬೆಳಗ್ಗೆ ನಾನು ಕಾಫಿ ಲೋಟ ಹಿಡಿದು ಕೂಗಿದ್ದಕ್ಕೆ ಪಕ್ಕದ ಮನೆಯವರು ಬಂದು ಏನಾಯಿತು ಅಂತ ಕೇಳಿದ್ದರು.

ಅವನು ಎನ್‌ಬಿಎಯಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ. ಡಲ್ಲಾಸ್‌ನ ಕೆಳಗಿನ ತಂಡ ಟೆಕ್ಸಾಸ್ ಲೆಜೆಂಡ್ಸ್‌ನಲ್ಲಿ ಎರಡು ಸೀಸನ್ ಕಳೆದ. ಆಮೇಲೆ ವೃತ್ತಿಪರ ಕುಸ್ತಿಯ ರಿಂಗಿಗೆ ಹೋದ. ಅವನಲ್ಲಿ ಕೊರತೆಗಳು ಇದ್ದವು, ಇಲ್ಲವೆನ್ನುವುದಿಲ್ಲ. ಕಾಲೇಜು ಆಟವನ್ನೂ ಆಡದೆ ನೇರವಾಗಿ ಬಂದಿದ್ದ 19ರ ಹುಡುಗ. ಆದರೆ ಸಮಯವೂ ಕೈಕೊಟ್ಟಿತು. ಅವನ ಹೆಸರು ಬರುವ ಒಂಬತ್ತು ದಿನ ಮೊದಲು ವಾರಿಯರ್ಸ್ ಚಾಂಪಿಯನ್ ಆಗಿತ್ತು. ಫೈನಲ್ಸ್‌ನ ನಾಲ್ಕನೇ ಪಂದ್ಯದಿಂದ ಅವರು ತಮ್ಮ ದೊಡ್ಡ ಸೆಂಟರ್ ಆಂಡ್ರ್ಯೂ ಬೋಗಟ್‌ನನ್ನು ಮೊದಲ ಐವರಿಂದ ತೆಗೆದು, ಸೆಂಟರ್ ಜಾಗಕ್ಕೆ ಆ 6 ಅಡಿ 6 ಇಂಚಿನ 'ಗಿಡ್ಡ' ಗ್ರೀನ್‌ನನ್ನು ನಿಲ್ಲಿಸಿ ಗೆದ್ದರು. ಆಮೇಲೆ ಎಲ್ಲ ತಂಡಗಳಿಗೂ ಓಡುವ, ಹೊರಗಿನಿಂದ ಎಸೆಯುವ ಸೆಂಟರ್ ಬೇಕಾಯಿತು. ರಿಂಗಿನ ಕೆಳಗೆ ಕಂಬದಂತೆ ನಿಲ್ಲುವವರ ಬೆಲೆ ಇಳಿಯಿತು. 35ನೇ ಪಿಕ್ ಒಬ್ಬ ಗೆದ್ದ ರೀತಿಯೇ 52ನೇ ಪಿಕ್‌ಗೆ ಬಾಗಿಲು ಕಿರಿದು ಮಾಡಿತು.

ಇನ್ನೊಂದು ವಿಷಯ, ಇದು ಈಚಿನದು. ಈಗ ಕೆಲವು ಹುಡುಗರ ಏಜೆಂಟರು 'ದಯವಿಟ್ಟು ನಮ್ಮವನನ್ನು ಆರಿಸಬೇಡಿ' ಅನ್ನುತ್ತಾರೆ. 50ನೆಯವನಾಗಿ ಗೊತ್ತುಗುರಿ ಇಲ್ಲದ ತಂಡಕ್ಕೆ ಹೋಗುವ ಬದಲು, ಯಾರೂ ಆರಿಸದಿದ್ದರೆ ತಾನೇ ತಂಡ ಆರಿಸಿಕೊಳ್ಳಬಹುದಲ್ವಾ. ಆಸ್ಟಿನ್ ರೀವ್ಸ್ 2021ರಲ್ಲಿ ಹಾಗೇ ಲೇಕರ್ಸ್ ಸೇರಿದ್ದು. ಮಯಾಮಿ 2023ರ ಫೈನಲ್‌ಗೆ ಬಂದಾಗ ಗೇಬ್ ವಿನ್ಸೆಂಟ್, ಮ್ಯಾಕ್ಸ್ ಸ್ಟ್ರಸ್, ಡಂಕನ್ ರಾಬಿನ್ಸನ್, ಕೇಲಬ್ ಮಾರ್ಟಿನ್ ನಾಲ್ವರೂ ಡ್ರಾಫ್ಟ್‌ನಲ್ಲಿ ಹೆಸರೇ ಬಾರದವರು. ಅವರ ನಾಯಕ ಜಿಮ್ಮಿ ಬಟ್ಲರ್ 30ನೇ ಪಿಕ್. ಎದುರಿಗೆ ಯೋಕಿಚ್.

ಮುಂದಿನ ಸಲ ಡ್ರಾಫ್ಟ್ ನೋಡುವಾಗ 35ರ ನಂತರದ ಹೆಸರುಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಪಕ್ಕದಲ್ಲಿ, ಆ ತಂಡದಲ್ಲಿ ಅದೇ ಜಾಗಕ್ಕೆ ಈಗಾಗಲೇ ಯಾರಿದ್ದಾರೆ ಅಂತಲೂ ಬರೆಯಿರಿ. ಎರಡು ವರ್ಷ ಬಿಟ್ಟು ಚೀಟಿ ತೆಗೆದು ನೋಡಿ. ನನ್ನ 2014ರ ಚೀಟಿ ಇನ್ನೂ ಇದೆ. ಅದರಲ್ಲಿ ಯೋಕಿಚ್ ಹೆಸರಿನ ಮುಂದೆ ನಾನು ಬರೆದದ್ದು 'ದಪ್ಪ, ಬರುವುದು ಅನುಮಾನ'.