ಹೆಸರಲ್ಲಿ ‘ಅಫಿಸಿನಾಲಿಸ್’ ಇದ್ದರೆ ಸರ್ಕಾರದ ಮುದ್ರೆ ಬಿದ್ದಂತಲ್ಲ

ಪ್ರಶ್ನೆ: ನೆಲ್ಲಿಕಾಯಿ ಪುಡಿಯ ಡಬ್ಬಿ ಮೇಲೆ ‘ಎಂಬ್ಲಿಕಾ ಅಫಿಸಿನಾಲಿಸ್’ ಎಂದಿದೆ. ಹಾಗೆಂದರೆ ‘ಅಫಿಷಿಯಲ್’, ಸರ್ಕಾರವೇ ಒಪ್ಪಿದ ಔಷಧಿ ಅಂತ ಮಾರುವವರು ಹೇಳಿದರು. ಇದನ್ನು ಕೊಟ್ಟು ಅಪ್ಪನ ಬಿ.ಪಿ. ಮಾತ್ರೆ ನಿಲ್ಲಿಸಬಹುದಾ?

ಉತ್ತರ: ನಿಲ್ಲಿಸಬೇಡಿ. ಒಂದು ದಿನದ ಮಟ್ಟಿಗೂ ಬೇಡ. ಪುಡಿ ಕೊಡುತ್ತಿದ್ದರೆ ಅದನ್ನೂ ಅವರ ಡಾಕ್ಟರಿಗೆ ಹೇಳಿ.

ಇನ್ನು ಆ ಹೆಸರಿನ ವಿಷಯ. ಇದೇ ಪ್ರಶ್ನೆ ಒಂದೊಂದು ಸಲ ಒಂದೊಂದು ಗಿಡದ ಹೆಸರು ಹೊತ್ತು ಬರುತ್ತಲೇ ಇದೆ. ಕೇಳುವವರ ಮೇಲೆ ನನಗೆ ಸಿಟ್ಟಿಲ್ಲ. ಲ್ಯಾಟಿನ್ ಗೊತ್ತಿಲ್ಲದವರ ಮುಂದೆ ಲ್ಯಾಟಿನ್ ತೋರಿಸಿ ವ್ಯಾಪಾರ ಮಾಡುತ್ತಾರಲ್ಲ, ಅವರ ಮೇಲೆ ಇದೆ.

ಲ್ಯಾಟಿನ್‌ನಲ್ಲಿ ‘ಅಫಿಸಿನಾ’ ಅಂದರೆ ಕೆಲಸ ನಡೆಯುವ ಕೋಣೆ, ಕಾರ್ಖಾನೆ. ಮುಂದೆ ಯುರೋಪಿನ ಕ್ರೈಸ್ತ ಮಠಗಳಲ್ಲಿ ಔಷಧಿ ಸಾಮಾನು ಇಡುವ ಉಗ್ರಾಣಕ್ಕೆ ಆ ಹೆಸರು ಬಂತು. ಆಮೇಲೆ ಔಷಧಿ ಅಂಗಡಿಗೂ ಅದೇ ಹೆಸರಾಯಿತು. ಆ ಅಂಗಡಿಗಳಲ್ಲಿ ಸಿಗುತ್ತಿದ್ದ ಸರಕಿಗೆ ‘ಅಫಿಸಿನಾಲಿಸ್’ ಅಂದರು. ‘ಅಫಿಷಿಯಲ್’ ಬಂದಿದ್ದು ‘ಅಫಿಸಿಯಾಲಿಸ್’ ಅನ್ನುವ ಬೇರೆ ಪದದಿಂದ. ಅದರಲ್ಲಿ ‘ನ’ಕಾರವಿಲ್ಲ. ಬೇರು ಹಿಡಿದು ಹೋದರೆ ಎರಡೂ ನೆಂಟರೇ, ಆದರೆ ಅರ್ಥ ಒಂದಲ್ಲ.

ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೀಯಸ್ 1753ರಲ್ಲಿ ಗಿಡಗಳಿಗೆ ಎರಡೆರಡು ಪದದ ಹೆಸರು ಕೊಡುವಾಗ ‘ಅಫಿಸಿನಾಲಿಸ್’ ಪದವನ್ನು ಧಾರಾಳವಾಗಿ ಬಳಸಿದ. ಹೀಗಾಗಿ ಈ ಪದ ಹೇಳುವುದು ಇಷ್ಟೇ: ಒಂದು ಕಾಲದಲ್ಲಿ ಇದು ಅಂಗಡಿಯಲ್ಲಿ ಮಾರಾಟಕ್ಕಿತ್ತು. ಕೆಲಸ ಮಾಡುತ್ತದೆ ಅಂತಲೂ ಹೇಳುವುದಿಲ್ಲ, ತಿಂದರೆ ಅಪಾಯವಿಲ್ಲ ಅಂತಲೂ ಹೇಳುವುದಿಲ್ಲ. ಮೈ ಉಜ್ಜುವ ಸಮುದ್ರದ ಸ್ಪಂಜಿನ ಹೆಸರು ‘ಸ್ಪಾಂಜಿಯಾ ಅಫಿಸಿನಾಲಿಸ್’. ಕಬ್ಬು ‘ಸ್ಯಾಕರಮ್ ಅಫಿಸಿನಾರಮ್’, ಅಂದರೆ ಔಷಧಿ ಅಂಗಡಿಗಳ ಕಬ್ಬು. ಯುರೋಪಿನಲ್ಲಿ ಬಹಳ ಕಾಲ ಸಕ್ಕರೆ ಮಾರುತ್ತಿದ್ದವರು ಔಷಧಿ ಅಂಗಡಿಯವರೇ. ಹಾಗಂತ ಶುಗರ್ ಇರುವವರಿಗೆ ಸಕ್ಕರೆ ಕೊಡುತ್ತೀರಾ?

ಇನ್ನೂ ಗಂಭೀರವಾದದ್ದು ಕಾಂಫ್ರೆ ಗಿಡ, ‘ಸಿಂಫೈಟಮ್ ಅಫಿಸಿನಾಲೆ’. ಮುರಿದ ಮೂಳೆ ಕೂಡಿಸುತ್ತದೆ ಅಂತ ಯುರೋಪಿನಲ್ಲಿ ಶತಮಾನಗಳ ಕಾಲ ಇದನ್ನು ನಂಬಿದ್ದರು. ಇದರಲ್ಲಿ ಲಿವರ್ ಕೆಡಿಸುವ ಪೈರೊಲಿಜಿಡಿನ್ ಆಲ್ಕಲಾಯ್ಡ್‌ಗಳಿವೆ. ಹೊಟ್ಟೆಗೆ ತಗೊಳ್ಳುವ ಕಾಂಫ್ರೆ ಸರಕನ್ನು ಮಾರುಕಟ್ಟೆಯಿಂದ ತೆಗೆಯಿರಿ ಎಂದು 2001ರಲ್ಲಿ ಅಮೆರಿಕದ ಆಹಾರ-ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಕಂಪನಿಗಳಿಗೆ ಹೇಳಿತು. ಹೆಸರಲ್ಲಿ ‘ಅಫಿಸಿನಾಲೆ’ ಈಗಲೂ ಹಾಗೇ ಇದೆ.

ನಿಮ್ಮ ನೆಲ್ಲಿಕಾಯಿ ಕಥೆ ಇದಕ್ಕೆ ಉಲ್ಟಾ. ಸಸ್ಯಶಾಸ್ತ್ರದಲ್ಲಿ ಈಗ ಬಳಸುವ ಹೆಸರು ‘ಫಿಲಾಂಥಸ್ ಎಂಬ್ಲಿಕಾ’. ‘ಅಫಿಸಿನಾಲಿಸ್’ ಬಿಟ್ಟುಹೋಗಿದೆ. ಅದರಿಂದ ನೆಲ್ಲಿಕಾಯಿಯ ಹುಳಿ, ಒಗರು, ಸಿ ವಿಟಮಿನ್ ಏನೂ ಕಮ್ಮಿಯಾಗಲಿಲ್ಲ. ಚಟ್ನಿ ಮಾಡಿ, ಉಪ್ಪಿನಕಾಯಿ ಹಾಕಿ. ಬಿ.ಪಿ. ಇರುವವರಿಗೆ ಉಪ್ಪಿನಕಾಯಿ ಮಾತ್ರ ಬೇಡ.

ಡಬ್ಬಿಯಲ್ಲಿ ಓದಬೇಕಾದದ್ದು ಲ್ಯಾಟಿನ್ ಅಲ್ಲ. ಆಯುರ್ವೇದ ಔಷಧಿಯಾದರೆ ತಯಾರಿಕಾ ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್, ಎಕ್ಸ್‌ಪೈರಿ ದಿನಾಂಕ ಇರಬೇಕು. ಬರೀ ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್ ಇದ್ದರೆ ಅದು ಆಹಾರ ಪದಾರ್ಥ, ಔಷಧಿಯಲ್ಲ. ಅದನ್ನು ಔಷಧಿ ಅಂತ ಮಾರುವವರ ಅಂಗಡಿಗೆ ಮತ್ತೆ ಹೋಗಬೇಡಿ.

ಪ್ರಶ್ನೆ: ಶುಂಠಿಗೆ ‘ಜಿಂಜಿಬರ್ ಅಫಿಸಿನಾಲೆ’ ಅಂತಿದೆ, ‘ಅಫಿಸಿನಾಲಿಸ್’ ಅಲ್ಲ. ಅದು ಕಡಿಮೆ ದರ್ಜೆಯದಾ?

ಉತ್ತರ: ಅಲ್ಲ. ‘ಜಿಂಜಿಬರ್’ ಲ್ಯಾಟಿನ್‌ನಲ್ಲಿ ನಪುಂಸಕಲಿಂಗ, ಅದಕ್ಕೆ ತಕ್ಕಂತೆ ಪದದ ಕೊನೆ ಬದಲಾಗಿದೆ, ಅಷ್ಟೇ.

ಪ್ರಶ್ನೆ: ಹುಣಸೆ ‘ಟಾಮರಿಂಡಸ್ ಇಂಡಿಕಾ’ ಅಲ್ವಾ? ಅಂದರೆ ಮೂಲ ನಮ್ಮದೇ ತಾನೇ?

ಉತ್ತರ: ಮೂಲ ಆಫ್ರಿಕಾ.

ಪ್ರಶ್ನೆ: ಅಮೃತಬಳ್ಳಿ ‘ಕಾರ್ಡಿಫೋಲಿಯಾ’. ಹೃದಯಕ್ಕೆ ಒಳ್ಳೆಯದು ಅಂತ ಅರ್ಥವಾ?

ಉತ್ತರ: ಎಲೆ ಹೃದಯದ ಆಕಾರದಲ್ಲಿದೆ ಅಂತ ಅರ್ಥ. ಎದೆನೋವು ಇದ್ದರೆ ಬಳ್ಳಿ ಹುಡುಕುತ್ತಾ ಕೂರಬೇಡಿ, ಕೂಡಲೇ ಆಸ್ಪತ್ರೆಗೆ ಹೋಗಿ.